ಗಡ್ಡೆಯ ವೇಷ ಹಾಕಿದ ಲ್ಯುಕೇಮಿಯಾ: ಮಗುವಿನ ಕಾಯಿಲೆಗೆ ಸರಿಯಾದ ಹೆಸರು ಸಿಗುವ ದಾರಿ

ಒಂದೂವರೆ ವರ್ಷದ ಮಗು. ಎರಡು ತಿಂಗಳ ಹಿಂದೆ ಅಂಗಳದ ತುಂಬ ಓಡಾಡುತ್ತಿತ್ತು. ಈಗ ಕಾಲು ಊರಿದರೆ ಅಳುತ್ತದೆ, ಎತ್ತಿಕೋ ಅನ್ನುತ್ತದೆ. ಮುಖ ಬಿಳಿಚಿಕೊಂಡಿದೆ. ಕಣ್ಣಿನ ಸುತ್ತ ಏಟು ಬಿದ್ದ ಹಾಗೆ ನೀಲಿಗಟ್ಟಿದೆ. ಸ್ಕ್ಯಾನ್ ಮಾಡಿಸಿದರೆ ಹೊಟ್ಟೆಯೊಳಗೆ ಬೆನ್ನುಮೂಳೆಯ ಪಕ್ಕ ಒಂದು ಗಡ್ಡೆ. ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದರೆ ಗುಂಪುಗುಂಪಾಗಿ ಅಂಟಿಕೊಂಡ ಕಣಗಳು. ರಿಪೋರ್ಟಿನಲ್ಲಿ ‘ನ್ಯೂರೋಬ್ಲಾಸ್ಟೋಮಾ ಇರಬಹುದು’ ಎಂದು ಬರೆದಿದೆ, ಅಂದರೆ ನರದ ಎಳೆ ಕಣಗಳಿಂದ ಹುಟ್ಟುವ ಗಡ್ಡೆಯ ಕ್ಯಾನ್ಸರ್.

ಹೆಚ್ಚಿನ ಸಲ ಅದು ನಿಜವೇ ಆಗಿರುತ್ತದೆ. ಅಪರೂಪಕ್ಕೊಮ್ಮೆ ಮಾತ್ರ ಅದು ಗಡ್ಡೆಯ ಕ್ಯಾನ್ಸರ್ ಆಗಿರುವುದಿಲ್ಲ, ಲ್ಯುಕೇಮಿಯಾ ಆಗಿರುತ್ತದೆ. ಎರಡಕ್ಕೂ ಕೊಡುವ ಔಷಧಿ ಬೇರೆ, ಚಿಕಿತ್ಸೆಯ ಲೆಕ್ಕಾಚಾರವೂ ಬೇರೆ.

ಇದು ಯಾವುದೋ ಒಂದು ಮನೆಯ ಮಗುವಿನ ಕಥೆಯಲ್ಲ. ಇಂಥ ಕೇಸುಗಳಲ್ಲಿ ಕಾಣುವುದನ್ನೆಲ್ಲ ಸೇರಿಸಿ ಹೇಳಿದೆ, ಅಷ್ಟೇ. ಮೈಕ್ರೋಸ್ಕೋಪಿನ ಮುಂದೆ ಕೂರುವುದು ನನ್ನ ಕೆಲಸ. ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಬ್ಬರು ರಿಪೋರ್ಟು ಹಿಡಿದು ದಿಕ್ಕು ತೋಚದೆ ನಿಂತ ಅಪ್ಪ ಅಮ್ಮ. ಇನ್ನೊಬ್ಬರು ಆ ಮಗುವನ್ನು ಎಲ್ಲರಿಗಿಂತ ಮೊದಲು ನೋಡುವ ಊರಿನ ಡಾಕ್ಟರು. ಓದಿ ಮನೆಯಲ್ಲೇ ಕಾಯಿಲೆ ಪತ್ತೆ ಮಾಡಲು ಆಗುವುದಿಲ್ಲ. ಆದರೆ ಯಾವ ಟೆಸ್ಟು ಯಾಕೆ, ಯಾವುದರ ಮಾತನ್ನು ಎಷ್ಟು ನಂಬಬೇಕು ಅನ್ನುವುದು ಗೊತ್ತಿದ್ದರೆ ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು, ಈ ಗೊಂದಲ ಬರುವುದೇ ಯಾಕೆ

ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್. ಅದು ರಕ್ತದಲ್ಲಿ ಕಾಣಬೇಕು, ಅಲ್ವಾ? ಮಕ್ಕಳಲ್ಲಿ ಅತಿ ಹೆಚ್ಚು ಬರುವ ಎಎಲ್‌ಎಲ್, ಅಂದರೆ ಎಳೆ ಲಿಂಫ್ ಕಣಗಳ ಲ್ಯುಕೇಮಿಯಾ, ಹೆಚ್ಚಾಗಿ ಹಾಗೆಯೇ ಕಾಣಿಸಿಕೊಳ್ಳುತ್ತದೆ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರೆ ಬ್ಲಾಸ್ಟ್ ಕಣಗಳು, ಅಂದರೆ ಬಲಿಯದ ಎಳೆ ಕಣಗಳು ಎದ್ದು ಕಾಣುತ್ತವೆ. ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ತೊಂದರೆ ಕೊಡುವುದು ಅಪರೂಪದವು. ಕೆಲವು ಲ್ಯುಕೇಮಿಯಾಗಳು ರಕ್ತಕ್ಕೆ ಹೆಚ್ಚು ಇಳಿಯದೆ ಮೂಳೆಯಲ್ಲಿ, ಕಣ್ಣಿನ ಗುಳಿಯಲ್ಲಿ, ಚರ್ಮದಲ್ಲಿ, ಬೆನ್ನುಹುರಿಯ ಪಕ್ಕದಲ್ಲಿ ಗಡ್ಡೆ ಕಟ್ಟುತ್ತವೆ. ಕೆಲವು, ಮುಂದೆ ಬರುವ ಎಎಂಕೆಎಲ್‌ನಂಥವು, ಮ್ಯಾರೋದೊಳಗೆ ನಾರು ಬೆಳೆಸಿ ಸೂಜಿಗೆ ಸಿಗದೆ ಕೂರುತ್ತವೆ. ಅತ್ತ ಕಡೆಯಿಂದ ನೋಡಿದರೆ, ನ್ಯೂರೋಬ್ಲಾಸ್ಟೋಮಾ, ರ್‍ಯಾಬ್ಡೋಮಯೋಸಾರ್ಕೋಮಾ, ಯೂಯಿಂಗ್ ಸಾರ್ಕೋಮಾದಂಥ ಗಡ್ಡೆಗಳು (ಎರಡನೆಯದು ಸ್ನಾಯುವಿನಂಥ ಕಣಗಳ ಕ್ಯಾನ್ಸರ್, ಮೂರನೆಯದು ಹೆಚ್ಚಾಗಿ ಮೂಳೆಯದು) ಮ್ಯಾರೋಗೆ ಹರಡಿ ಲ್ಯುಕೇಮಿಯಾದಂತೆ ಕಾಣುತ್ತವೆ. ಮೈಕ್ರೋಸ್ಕೋಪಿನಲ್ಲಿ ಇವೆಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಸಣ್ಣ, ದುಂಡಗಿನ, ನೀಲಿ ಕಣಗಳು. ನಾವು ಲ್ಯಾಬಿನವರು ಈ ಇಡೀ ಗುಂಪನ್ನು ‘ಸ್ಮಾಲ್ ರೌಂಡ್ ಬ್ಲೂ ಸೆಲ್’ ಗಡ್ಡೆ ಎಂದೇ ಕರೆಯುತ್ತೇವೆ. ರಿಪೋರ್ಟಿನಲ್ಲಿ ಈ ಮಾತು ಕಂಡರೆ ಕಾಯಿಲೆಗೆ ಇನ್ನೂ ಹೆಸರು ಸಿಕ್ಕಿಲ್ಲ ಎಂದೇ ಅರ್ಥ.

ಹೆಜ್ಜೆ 1: ರಕ್ತದ ಹನಿಯನ್ನು ಕಣ್ಣಿನಿಂದ ನೋಡಿಸಿ

ಸಿಬಿಸಿ ಎಂಬ ರಕ್ತ ಪರೀಕ್ಷೆಯನ್ನು ಮಾಡುವುದು ಯಂತ್ರ. ಅದು ಲೆಕ್ಕ ಕೊಡುತ್ತದೆ. ಎಳೆ ಕಣ ಯಾವುದು, ಸೋಂಕಿನಿಂದ ದೊಡ್ಡದಾದ ಲಿಂಫೋಸೈಟ್ ಯಾವುದು ಎಂದು ಅದು ಖಚಿತವಾಗಿ ಹೇಳಲಾರದು. ಹಾಗಾಗಿ ಜೊತೆಗೆ ‘ಪೆರಿಫೆರಲ್ ಸ್ಮಿಯರ್’ ಎಂದು ಬರೆಸಿ. ಅಗ್ಗದ ಟೆಸ್ಟು, ಅದೇ ದಿನ ಉತ್ತರ ಸಿಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ. ತಪ್ಪಲ್ಲ, ಹೆಚ್ಚಾಗಿ ಅದೇ ಇರುತ್ತದೆ. ಆದರೆ ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ಮೇಲೇರುತ್ತದೆ. ಏರದೆ ಅಲ್ಲೇ ನಿಂತರೆ, ಜೊತೆಗೆ ಹಿಮೋಗ್ಲೋಬಿನ್ ಕೂಡ ಇಳಿಯುತ್ತಿದ್ದರೆ, ಲಿವರು ಮತ್ತು ಗುಲ್ಮ ಕೈಗೆ ಸಿಗುವಷ್ಟು ದೊಡ್ಡದಾಗಿದ್ದರೆ ಇನ್ನೊಂದು ವಾರ ಕಾಯಬೇಡಿ.

ಮಂಡಿ ನೋವು ಅಂತ ಬರುವ ಮಕ್ಕಳದು ಇನ್ನೊಂದು ಕಥೆ. ಮಕ್ಕಳ ಸಂಧಿವಾತದಲ್ಲಿ ಬೆಳಿಗ್ಗೆ ಎದ್ದಾಗ ಕೀಲು ಬಿಗಿದುಕೊಂಡಿರುತ್ತದೆ, ಓಡಾಡುತ್ತ ಸಡಿಲವಾಗುತ್ತದೆ. ಉರಿಯೂತ ಇರುವುದರಿಂದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಲ್ಯುಕೇಮಿಯಾದ ನೋವು ಮೂಳೆಯ ನೋವು. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಕೀಲಿನಲ್ಲಿ ಊತ ಇರುವುದಕ್ಕಿಂತ ನೋವೇ ಹೆಚ್ಚು. ಉರಿಯೂತ ತೋರಿಸುವ ಇಎಸ್‌ಆರ್ ಏರಿದ್ದೂ ಪ್ಲೇಟ್‌ಲೆಟ್ ಕಡಿಮೆ, ಅಥವಾ ‘ನಾರ್ಮಲ್’ ಗೆರೆಯ ಕೆಳ ಅಂಚಿನಲ್ಲೇ ಇದೆ ಅಂದರೆ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಅರ್ಥ.

ಎಲ್‌ಡಿಎಚ್, ಯೂರಿಕ್ ಆಸಿಡ್ ಜಾಸ್ತಿ ಬಂದರೆ ಕಣಗಳು ಬೇಗ ಬೇಗ ಹುಟ್ಟಿ ಸಾಯುತ್ತಿವೆ ಎಂದಷ್ಟೇ ಗೊತ್ತಾಗುತ್ತದೆ. ಲ್ಯುಕೇಮಿಯಾವೋ ಗಡ್ಡೆಯೋ ಎಂದು ಅವು ಹೇಳುವುದಿಲ್ಲ.

ಹೆಜ್ಜೆ 2: ಹೆಸರು ಸಿಗುವವರೆಗೆ ಸ್ಟೆರಾಯ್ಡ್ ಬೇಡ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿರಲಿ ಅಂದರೆ ಇದನ್ನೇ ಹೇಳುತ್ತೇನೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್ ಇವೇ ಎಎಲ್‌ಎಲ್‌ನ ಔಷಧಿಗಳು ಕೂಡ. ಕೀಲು ನೋವಿಗೆ, ಕತ್ತಿನ ಗಂಟಿಗೆ, ಉಬ್ಬಸಕ್ಕೆ ಅಂತ ಕೆಲವೇ ದಿನ ಕೊಟ್ಟರೂ ಬ್ಲಾಸ್ಟ್ ಕಣಗಳು ಕರಗುತ್ತವೆ. ಮಗು ಗೆಲುವಾಗುತ್ತದೆ. ಮನೆಯವರು ಖುಷಿಪಡುತ್ತಾರೆ. ಆಮೇಲೆ ಬಯಾಪ್ಸಿ ಮಾಡಿದರೆ ಏನೂ ಸಿಗುವುದಿಲ್ಲ, ಇಲ್ಲವೇ ಸತ್ತ ಕಣಗಳ ರಾಶಿ ಸಿಗುತ್ತದೆ. ಅಂಥ ಸ್ಲೈಡು ನೋಡುತ್ತ ಕೂರುವುದು ಎಷ್ಟು ಹಿಂಸೆ ಅಂತ ನನಗೆ ಗೊತ್ತು. ಕೆಲವು ವಾರಗಳಲ್ಲಿ ಕಾಯಿಲೆ ಮತ್ತೆ ಬರುತ್ತದೆ. ಈ ಸಲ ಔಷಧಿಗೆ ಸ್ವಲ್ಪ ಪಳಗಿಕೊಂಡು ಬಂದಿರಬಹುದು.

ಉಬ್ಬಸದ ವಿಷಯ ಸುಮ್ನೆ ಹೇಳಿದ್ದಲ್ಲ. ಟಿ-ಎಎಲ್‌ಎಲ್ ಎಂಬ ಬಗೆಯಲ್ಲಿ ಎದೆಯ ನಡುವೆ ಗಡ್ಡೆ ಬೆಳೆದು ಶ್ವಾಸನಾಳವನ್ನು ಒತ್ತುತ್ತದೆ. ಮಗು ಸುಯ್‌ಗುಟ್ಟುತ್ತದೆ, ಕೆಮ್ಮುತ್ತದೆ, ಮಲಗಿದರೆ ಜಾಸ್ತಿ. ಮೊದಲ ಸಲ ಉಬ್ಬಸ ಬಂದ ಮಗುವಿಗೆ ಮುಖ, ಕತ್ತು ಊದಿಕೊಂಡಿದ್ದರೆ, ಮಲಗಲು ಆಗುತ್ತಿಲ್ಲವಾದರೆ ಎದೆಯ ಎಕ್ಸ್‌ರೇ ಮೊದಲು.

ಉಸಿರು ಕಟ್ಟುವ ಸ್ಥಿತಿಯಲ್ಲಿ ಸ್ಟೆರಾಯ್ಡ್ ಕೊಡಲೇಬೇಕಾಗಬಹುದು. ಆಗ ಪ್ರಾಣ ಮೊದಲು, ಹೆಸರು ಆಮೇಲೆ. ಆಗಲೂ ಸಾಧ್ಯವಾದರೆ ಔಷಧಿಗೆ ಮೊದಲು ಒಂದು ಟ್ಯೂಬು ರಕ್ತ ತೆಗೆದಿಡುವುದು ಒಳ್ಳೆಯದು. ಈಗಾಗಲೇ ಸ್ಟೆರಾಯ್ಡ್ ಕೊಟ್ಟಾಗಿದೆ ಅನ್ನುವಿರಾ? ಮುಚ್ಚಿಡಬೇಡಿ. ಯಾವ ಮಾತ್ರೆ, ಎಷ್ಟು ದಿನ ಎಂದು ಬರೆದುಕೊಂಡು ಹೋಗಿ. ಬೈಯುತ್ತಾರೆ ಅಂತ ಹೆದರಿ ಹೇಳದೇ ಇದ್ದರೆ ನಷ್ಟ ಮಗುವಿಗೇ.

ಹೆಜ್ಜೆ 3: ದೊಡ್ಡ ಆಪರೇಷನ್‌ಗೆ ಮೊದಲು ಸುಲಭದ ದಾರಿ ಹುಡುಕಿ

ಗಡ್ಡೆ ಕಂಡ ಕೂಡಲೇ ‘ತೆಗೆದುಬಿಡಿ’ ಎಂಬ ಆತುರ ಸಹಜ. ಆದರೆ ಅದು ಲ್ಯುಕೇಮಿಯಾ ಆಗಿದ್ದರೆ ತೆಗೆದು ಪ್ರಯೋಜನವಿಲ್ಲ, ಅದು ಇಡೀ ದೇಹದ ಕಾಯಿಲೆ. ಎದೆಯಲ್ಲಿ ನೀರು ತುಂಬಿದ್ದರೆ ಆ ನೀರಿನಲ್ಲೇ ಸಾಕಷ್ಟು ಕಣ ಸಿಗುತ್ತವೆ. ರಕ್ತದಲ್ಲಿ ಬ್ಲಾಸ್ಟ್ ಇದ್ದರೆ ಅಲ್ಲೇ ಉತ್ತರ ಸಿಗಬಹುದು. ಎದೆಯ ಗಡ್ಡೆ ಇರುವ ಮಗುವಿಗೆ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದರೆ ಉಸಿರಾಟ ನಿಲ್ಲುವ ಅಪಾಯವಿದೆ. ಅದಕ್ಕೇ ಎಷ್ಟು ಚಿಕ್ಕ ಸೂಜಿಯಲ್ಲಿ ಕೆಲಸ ಮುಗಿಯುತ್ತದೆ ಎಂದು ತಂಡ ಮೊದಲು ಯೋಚಿಸುತ್ತದೆ.

ನ್ಯೂರೋಬ್ಲಾಸ್ಟೋಮಾ ಎಂಬ ಅನುಮಾನ ಇದ್ದರೆ ಮಗುವಿನ ಮೂತ್ರ ಕಳಿಸಬೇಕು. ಆ ಗಡ್ಡೆ ನರದ ಎಳೆ ಕಣಗಳಿಂದ ಹುಟ್ಟುವುದರಿಂದ ವಿಎಂಎ, ಎಚ್‌ವಿಎ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳ ಮೂತ್ರದಲ್ಲಿ ಇವು ಜಾಸ್ತಿ ಇರುತ್ತವೆ. ಎಂಐಬಿಜಿ ಎಂಬ ಸ್ಕ್ಯಾನಿನಲ್ಲೂ ಹೆಚ್ಚಿನ ನ್ಯೂರೋಬ್ಲಾಸ್ಟೋಮಾಗಳು ಹೊಳೆಯುತ್ತವೆ. ಮ್ಯಾರೋ ತುಂಬ ಕಣಗಳಿವೆ, ಮೂತ್ರ ಮಾತ್ರ ನಾರ್ಮಲ್, ಸ್ಕ್ಯಾನಿನಲ್ಲೂ ಹೊಳೆಯುತ್ತಿಲ್ಲ ಅಂದರೆ ಮೊದಲ ಹೆಸರನ್ನು ಪಕ್ಕಕ್ಕಿಟ್ಟು ಮತ್ತೆ ಯೋಚಿಸಬೇಕು.

ಹುಟ್ಟಿದ ಮಗುವಿನ ಮೈಮೇಲೆ ನೇರಳೆ ಹಣ್ಣಿನ ಬಣ್ಣದ ಗಂಟುಗಳು ಕಾಣುವುದುಂಟು. ತಾಯಿಯ ಗರ್ಭದಲ್ಲೇ ತಗುಲಿದ ಸೋಂಕು, ಲ್ಯುಕೇಮಿಯಾ, ನ್ಯೂರೋಬ್ಲಾಸ್ಟೋಮಾ ಮೂರೂ ಹೀಗೆ ಕಾಣಿಸಿಕೊಳ್ಳಬಹುದು. ಅಲ್ಲಿ ಚರ್ಮದ ಒಂದು ಸಣ್ಣ ತುಣುಕೇ ಸಾಕಾಗುತ್ತದೆ.

ಹೆಜ್ಜೆ 4: ಬೋನ್ ಮ್ಯಾರೋ, ಮತ್ತು ಯಾವುದು ಯಾವ ಟ್ಯೂಬಿಗೆ

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೊಂಟದ ಹಿಂಭಾಗದ ಮೂಳೆಯಿಂದ ಎರಡು ಬಗೆಯ ಸ್ಯಾಂಪಲ್ ತೆಗೆಯುತ್ತಾರೆ. ಸಿರಿಂಜಿನಲ್ಲಿ ಎಳೆದ ದ್ರವ ಆಸ್ಪಿರೇಟ್. ದಪ್ಪ ಸೂಜಿಯಲ್ಲಿ ಕೊರೆದು ತೆಗೆದ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ಮೂಳೆಯ ತುಂಡು ಟ್ರಿಫೈನ್ ಬಯಾಪ್ಸಿ. ಗಡ್ಡೆ–ಲ್ಯುಕೇಮಿಯಾ ಗೊಂದಲ ಇರುವ ಮಗುವಿಗೆ ಎರಡೂ ಬೇಕು. ಮಗುವಿಗೆ ನಿದ್ದೆ ಬರಿಸಿಯೇ ಮಾಡುವುದರಿಂದ ಎರಡನ್ನೂ ಒಂದೇ ಸಲ ಮುಗಿಸಿಕೊಳ್ಳುವುದು ಜಾಣತನ.

ಕೆಲವೊಮ್ಮೆ ಎಷ್ಟು ಎಳೆದರೂ ಸಿರಿಂಜಿಗೆ ಏನೂ ಬರುವುದಿಲ್ಲ. ಇದಕ್ಕೆ ‘ಡ್ರೈ ಟ್ಯಾಪ್’ ಅನ್ನುತ್ತಾರೆ. ಮೂಳೆಯೊಳಗೆ ನಾರು ಬೆಳೆದಿದೆ, ಇಲ್ಲವೇ ಕಣಗಳು ಒತ್ತೊತ್ತಾಗಿ ತುಂಬಿಕೊಂಡಿವೆ ಎಂಬುದರ ಸೂಚನೆ ಅದು. ನಮ್ಮ ಕಥೆಯ ಮುಖ್ಯ ಪಾತ್ರಧಾರಿ ಎಎಂಕೆಎಲ್, ಅಂದರೆ ಅಕ್ಯೂಟ್ ಮೆಗಾಕ್ಯಾರಿಯೋಬ್ಲಾಸ್ಟಿಕ್ ಲ್ಯುಕೇಮಿಯಾ, ಇದಕ್ಕೇ ಕುಖ್ಯಾತ. ಪ್ಲೇಟ್‌ಲೆಟ್ ತಯಾರಿಸುವ ಕಣಗಳ ಕ್ಯಾನ್ಸರ್ ಇದು. ಡ್ರೈ ಟ್ಯಾಪ್ ಆದಾಗ ಮೂಳೆಯ ತುಂಡನ್ನು ಫಾರ್ಮಲಿನ್‌ಗೆ ಹಾಕುವ ಮೊದಲು ಗಾಜಿನ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆಯಬೇಕು. ಎರಡು ನಿಮಿಷದ ಕೆಲಸ. ಎಷ್ಟೋ ಸಲ ಉತ್ತರ ಸಿಕ್ಕಿದ್ದು ಆ ಅಚ್ಚಿನಿಂದಲೇ. ಇನ್ನೊಂದು ತುಂಡನ್ನು ಉಪ್ಪುನೀರಿನಲ್ಲಿ, ಅಂದರೆ ಸಲೈನಿನಲ್ಲಿ ಹಸಿಯಾಗಿಯೇ ಕಳಿಸಿದರೆ ಅದನ್ನು ಬಿಡಿಸಿ ಫ್ಲೋ ಸೈಟೋಮೆಟ್ರಿಗೂ, ಅಂದರೆ ಜೀವಂತ ಕಣಗಳ ಗುರುತು ನೋಡುವ ಪರೀಕ್ಷೆಗೂ ಬಳಸಬಹುದು.

ಇನ್ನು ಟ್ಯೂಬುಗಳು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಫ್ಲೋ ಸೈಟೋಮೆಟ್ರಿಗೆ ಮತ್ತು ಜೀನ್ ಪರೀಕ್ಷೆಗೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಕ್ರೋಮೋಸೋಮ್ ಪರೀಕ್ಷೆಗೆ, ಯಾಕೆಂದರೆ ಅಲ್ಲಿ ಕಣಗಳನ್ನು ಜೀವಂತ ಬೆಳೆಸಬೇಕು. ಫಾರ್ಮಲಿನ್ ಡಬ್ಬಿ ಬಯಾಪ್ಸಿಗೆ. ಫಾರ್ಮಲಿನ್‌ಗೆ ಬಿದ್ದ ಕಣ ಸತ್ತ ಹಾಗೆ. ಅದರಿಂದ ಫ್ಲೋ ಆಗುವುದಿಲ್ಲ, ಕ್ರೋಮೋಸೋಮ್ ಬೆಳೆಸಲೂ ಆಗುವುದಿಲ್ಲ. ಗಡ್ಡೆ ಎಂದೇ ನಂಬಿ ಇಡೀ ಬಯಾಪ್ಸಿಯನ್ನು ಒಂದೇ ಡಬ್ಬಿಗೆ ಹಾಕಿ ಕಳಿಸಿದ್ದನ್ನು ನಾನು ಬಿಚ್ಚಿದ್ದೇನೆ. ಆ ಮಗುವಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. ಕಳಿಸಿದವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ, ಹಸಿ ತುಂಡು ಬೇಕು ಅಂತ ನಾವಾದರೂ ಮೊದಲೇ ಫೋನ್ ಮಾಡಿ ಹೇಳಿದ್ದೆವಾ? ಇಲ್ಲ.

ಮೂಳೆಯ ತುಂಡನ್ನು ಕತ್ತರಿಸುವ ಮೊದಲು ಸುಣ್ಣದ ಅಂಶ ತೆಗೆದು ಮೆತ್ತಗೆ ಮಾಡಬೇಕು. ಜೋರು ಆಸಿಡ್ ಬಳಸಿದರೆ ಬೇಗ ಆಗುತ್ತದೆ, ಆದರೆ ಡಿಎನ್‌ಎ, ಆರ್‌ಎನ್‌ಎ ಹಾಳಾಗುತ್ತವೆ. ಇಡಿಟಿಎ ದ್ರಾವಣದಲ್ಲಿ ನಿಧಾನ, ಆದರೆ ಆಮೇಲೆ ಜೀನ್ ಪರೀಕ್ಷೆಗೆ ಅವಕಾಶ ಉಳಿಯುತ್ತದೆ. ರಿಪೋರ್ಟು ಎರಡು ದಿನ ತಡವಾದರೆ ಕೆಲವೊಮ್ಮೆ ಕಾರಣ ಇದೇ.

ಹೆಜ್ಜೆ 5: ಒಂದು ಬಣ್ಣದ ಮಾತು ನಂಬಬೇಡಿ

ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ ಕಣಗಳನ್ನು ಬೇರೆ ಮಾಡಲು ಅವುಗಳ ಮೈಮೇಲಿನ, ಒಳಗಿನ ಪ್ರೋಟೀನು ಗುರುತುಗಳನ್ನು ನೋಡುತ್ತೇವೆ. ಹಸಿ ಸ್ಯಾಂಪಲ್‌ನಲ್ಲಿ ಫ್ಲೋ ಸೈಟೋಮೆಟ್ರಿಯಿಂದ, ಬಯಾಪ್ಸಿಯಲ್ಲಿ ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆಯಿಂದ.

ಸಿಡಿ45 ಎಂಬ ಗುರುತು ಬಿಳಿ ರಕ್ತಕಣಗಳ ಮನೆತನದ ಹೆಸರಿದ್ದಂತೆ. ಅದು ಇದ್ದರೆ ರಕ್ತದ ಕಾಯಿಲೆ, ಇಲ್ಲದಿದ್ದರೆ ಗಡ್ಡೆಯ ಕಾಯಿಲೆ ಎಂದು ಕಲಿಯುವ ದಿನಗಳಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಬಹಳ ಸಲ ಇದು ಸರಿ. ನರದ ಕಣಗಳಲ್ಲಿ ಸಿಡಿ56 ಎಂಬ ಗುರುತು ಜೋರಾಗಿರುತ್ತದೆ. ಹಾಗಾಗಿ ಸಿಡಿ45 ಇಲ್ಲ, ಸಿಡಿ56 ಜೋರು, ಕಣಗಳು ಗುಂಪಾಗಿ ಅಂಟಿಕೊಂಡಿವೆ ಎಂದರೆ ಕೈ ತಾನಾಗಿಯೇ ‘ನ್ಯೂರೋಬ್ಲಾಸ್ಟೋಮಾ’ ಎಂದು ಬರೆಯಲು ಹೋಗುತ್ತದೆ.

ಇಲ್ಲೇ ಬಲೆ ಇರುವುದು. ಪುಟ್ಟ ಮಕ್ಕಳಲ್ಲಿ ಬರುವ ಒಂದು ಬಗೆಯ ಎಎಂಎಲ್‌ನಲ್ಲೂ (ಲಿಂಫ್ ಅಲ್ಲದ ಮ್ಯಾರೋ ಕಣಗಳ ಲ್ಯುಕೇಮಿಯಾ, ಎಎಂಕೆಎಲ್ ಅದರದ್ದೇ ಒಂದು ಬಗೆ) ಥೇಟ್ ಇದೇ ಚಿತ್ರ. ಸಿಡಿ56 ಬಹಳ ಜೋರು. ಸಿಡಿ45 ಮಂಕು, ಅಥವಾ ಇರುವುದೇ ಇಲ್ಲ. ಎಚ್‌ಎಲ್‌ಎ-ಡಿಆರ್ ಇಲ್ಲ. ಸಿಡಿ38 ಕೂಡ ಮಂಕು ಅಥವಾ ಇಲ್ಲ. ಇದನ್ನು ಗುರುತಿಸಿದವರು ‘ಆರ್‌ಎಎಂ ಫೀನೋಟೈಪ್’ ಎಂದು ಹೆಸರಿಟ್ಟರು. ಮೊದಲು ಕಂಡ ಮಗುವಿನ ಹೆಸರಿನ ಮೊದಲ ಅಕ್ಷರಗಳು ಅವು. ಇಂಥ ಕೇಸುಗಳಲ್ಲಿ ಹಲವು ಎಎಂಕೆಎಲ್ ಆಗಿರುತ್ತವೆ.

ಹಾಗಾದರೆ ಬಿಡಿಸುವುದು ಹೇಗೆ? ಎರಡೂ ಕಡೆಯ ಗುರುತುಗಳನ್ನು ಒಟ್ಟಿಗೆ ಕೇಳಬೇಕು. ಪ್ಲೇಟ್‌ಲೆಟ್ ವಂಶದ ಗುರುತುಗಳಾದ ಸಿಡಿ41, ಸಿಡಿ42ಬಿ, ಸಿಡಿ61, ಜೊತೆಗೆ ಸಿಡಿ33, ಸಿಡಿ117 ಇದ್ದರೆ ಲ್ಯುಕೇಮಿಯಾ ಕಡೆ. ಜಿಡಿ2, ಸಿನಾಪ್ಟೋಫೈಸಿನ್, ಮುಖ್ಯವಾಗಿ ಫಾಕ್ಸ್2ಬಿ ಇದ್ದರೆ ನ್ಯೂರೋಬ್ಲಾಸ್ಟೋಮಾ ಕಡೆ. ಇಲ್ಲೂ ಒಂದು ಕಿರಿಕಿರಿ ಇದೆ. ಪ್ಲೇಟ್‌ಲೆಟ್‌ಗಳು ಬೇರೆ ಯಾವುದೋ ಬ್ಲಾಸ್ಟ್ ಕಣಕ್ಕೆ ಅಂಟಿಕೊಂಡಿದ್ದರೆ ಆ ಕಣವೂ ಸಿಡಿ41, ಸಿಡಿ61 ಇರುವಂತೆ ಸುಳ್ಳು ತೋರಿಸುತ್ತದೆ. ಅದಕ್ಕೇ ಕಣದ ಒಳಗಿನ ಸಿಡಿ61 ನೋಡುವುದು, ಬಯಾಪ್ಸಿಯಲ್ಲಿ ಮತ್ತೆ ತಾಳೆ ನೋಡುವುದು.

ಎಎಂಎಲ್ ಎನ್ನಲು ಬ್ಲಾಸ್ಟ್ ಶೇ. 20 ಇರಬೇಕು ಎಂಬ ನಿಯಮವನ್ನೂ ಇಲ್ಲಿ ಹುಷಾರಾಗಿ ಬಳಸಬೇಕು. ಮ್ಯಾರೋದಲ್ಲಿ ನಾರು ತುಂಬಿದ್ದರೆ ಸಿರಿಂಜಿಗೆ ಬಂದ ನಾಲ್ಕು ಹನಿಯಲ್ಲಿ ಬ್ಲಾಸ್ಟ್ ಕಡಿಮೆ ಕಾಣುತ್ತವೆ. ಆಸ್ಪಿರೇಟಿನ ಲೆಕ್ಕವನ್ನು ಟ್ರಿಫೈನ್ ಜೊತೆ ಇಟ್ಟು ಓದಬೇಕು.

ಉಳಿದ ವೇಷಗಳನ್ನು ಬೇಗ ಹೇಳಿಬಿಡುತ್ತೇನೆ. ಮೂಳೆಯಲ್ಲಿ ಗಡ್ಡೆ, ಸಿಡಿ99 ಇದೆ, ಸಿಡಿ45 ಇಲ್ಲ ಎಂದರೆ ಯೂಯಿಂಗ್ ಸಾರ್ಕೋಮಾ ಎಂಬ ಹೆಸರು ಮೊದಲು ಬರುತ್ತದೆ. ಆದರೆ ಎಳೆ ಲಿಂಫ್ ಕಣಗಳ ಕ್ಯಾನ್ಸರಿನಲ್ಲೂ ಸಿಡಿ99 ಇರುತ್ತದೆ, ಎಫ್‌ಎಲ್‌ಐ1 ಕೂಡ ಇರಬಹುದು, ಕೆಲವದರಲ್ಲಿ ಸಿಡಿ45 ಇರುವುದೇ ಇಲ್ಲ. ಎಳೆ ಲಿಂಫ್ ಕಣಗಳನ್ನು ಹಿಡಿದುಕೊಡುವ ಟಿಡಿಟಿ, ಪ್ಯಾಕ್ಸ್5, ಸಿಡಿ79ಎ ಗುರುತುಗಳನ್ನು ಹಾಕಿ ನೋಡದೆ ಯೂಯಿಂಗ್ ಎಂದು ಬರೆದರೆ ಒಂದು ಎಎಲ್‌ಎಲ್ ಅನ್ನು ಕೈಬಿಟ್ಟ ಹಾಗೆ ಆಗಬಹುದು. ಯೂಯಿಂಗ್ ಆಗಿದ್ದರೆ ಇಡಬ್ಲ್ಯೂಎಸ್‌ಆರ್1 ಜೀನ್ ಮುರಿದಿರುವುದನ್ನು ತೋರಿಸಬೇಕು. ರ್‍ಯಾಬ್ಡೋಮಯೋಸಾರ್ಕೋಮಾ ಮ್ಯಾರೋಗೆ ಹರಡಿ, ರಕ್ತ ಹೆಪ್ಪುಗಟ್ಟುವ ಲೆಕ್ಕ ಕೆಡಿಸಿ, ಲ್ಯುಕೇಮಿಯಾದಂತೆಯೇ ನಟಿಸುವುದುಂಟು. ಅದನ್ನು ಹಿಡಿದುಕೊಡುವುದು ಡೆಸ್ಮಿನ್, ಮಯೋಜೆನಿನ್ ಎಂಬ ಸ್ನಾಯುವಿನ ಗುರುತುಗಳು.

ಕಣ್ಣುಗುಡ್ಡೆ ಮುಂದಕ್ಕೆ ಬಂದ ಮಗುವಿನಲ್ಲಿ ಮಯಲಾಯ್ಡ್ ಸಾರ್ಕೋಮಾ ನೆನಪಿರಬೇಕು. ಎಎಂಎಲ್ ಕಟ್ಟುವ ಗಡ್ಡೆ ಇದು. 1811ರಲ್ಲೇ ಅಲನ್ ಬರ್ನ್ಸ್ ಎಂಬ ವೈದ್ಯ ಇದನ್ನು ವಿವರಿಸಿದ್ದ. ಕತ್ತರಿಸಿದಾಗ ಹಸಿರಾಗಿ ಕಾಣುವುದರಿಂದ 1853ರಲ್ಲಿ ‘ಕ್ಲೋರೋಮಾ’ ಎಂಬ ಹೆಸರು ಬಂತು. ಆ ಹಸಿರಿಗೆ ಕಾರಣ ಮಯಲೋಪೆರಾಕ್ಸಿಡೇಸ್ ಎಂಬ ಕಿಣ್ವ. ಸ್ಲೈಡಿನಲ್ಲಿ ಹಸಿರು ಕಾಣುವುದಿಲ್ಲ, ಹಾಗಾಗಿ ಇದನ್ನು ಲಿಂಫೋಮಾ, ಅಂದರೆ ಲಿಂಫ್ ಕಣಗಳ ಗಡ್ಡೆ ಎಂದು ತಪ್ಪು ತಿಳಿಯುವುದು ಸುಲಭ. ಸಿಡಿ43 ಇದೆ, ಸಿಡಿ3 ಇಲ್ಲ, ಸಿಡಿ20 ಇಲ್ಲ ಎಂಬ ರಿಪೋರ್ಟು ಕಂಡರೆ ಮಯಲೋಪೆರಾಕ್ಸಿಡೇಸ್, ಸಿಡಿ117 ಹಾಕಿದ್ದೀರಾ ಎಂದು ಕೇಳಿ.

ಹೆಜ್ಜೆ 6: ಜೀನ್ ಮಟ್ಟದಲ್ಲಿ ಖಚಿತ ಮಾಡಿಕೊಳ್ಳಿ

ಎಎಂಕೆಎಲ್ ಎಂದು ಗೊತ್ತಾದ ಮೇಲೂ ಅದರೊಳಗೆ ಯಾವ ಬಗೆ ಎಂದು ಕೇಳಬೇಕು. 2012ರಲ್ಲಿ ಸಂಶೋಧಕರು 16ನೇ ಕ್ರೋಮೋಸೋಮಿನ ಒಂದು ಚೂರು ತಿರುಗಿ ಕೂತು ಸಿಬಿಎಫ್‌ಎ2ಟಿ3 ಮತ್ತು ಜಿಎಲ್‌ಐಎಸ್2 ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುವುದನ್ನು ಕಂಡುಕೊಂಡರು. ಇದು ಬಹುತೇಕ 3 ವರ್ಷದೊಳಗಿನ ಮಕ್ಕಳ ಕಾಯಿಲೆ. ಮೇಲೆ ಹೇಳಿದ ಆರ್‌ಎಎಂ ಚಿತ್ರ ಹೆಚ್ಚಾಗಿ ಕಾಣುವುದು ಇದರಲ್ಲೇ.

ಈ ತಿರುವು ಎಷ್ಟು ಸಣ್ಣದೆಂದರೆ ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ‘ಕ್ಯಾರಿಯೋಟೈಪ್ ನಾರ್ಮಲ್’ ಎಂದು ಬಂತು ಅಂತ ನೆಮ್ಮದಿಯಾಗಿ ಕೂರುವಂತಿಲ್ಲ. ಇದಕ್ಕೆಂದೇ ಮಾಡಿದ ಫಿಶ್, ಆರ್‌ಟಿ-ಪಿಸಿಆರ್ ಅಥವಾ ಆರ್‌ಎನ್‌ಎ ಸೀಕ್ವೆನ್ಸಿಂಗ್ ಬೇಕು. ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ. ಖರ್ಚೂ ಜಾಸ್ತಿ. ಆದರೂ ಪುಟ್ಟ ಮಗುವಿನ ಎಎಂಕೆಎಲ್‌ನಲ್ಲಿ ಇದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣ, ಈ ಬಗೆ ಬಹಳ ಹಟಮಾರಿ. ಕೀಮೋಗೆ ಮಣಿದರೂ ಮರುಕಳಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲ ಸಲ ಕಾಯಿಲೆ ತಗ್ಗಿದಾಗಲೇ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಅಣ್ಣ ತಂಗಿಯರ ಎಚ್‌ಎಲ್‌ಎ ಹೊಂದಾಣಿಕೆ ನೋಡಲು, ದುಡ್ಡಿನ ದಾರಿ ಹುಡುಕಲು ಮನೆಯವರಿಗೂ ಸಮಯ ಬೇಕು, ಅಲ್ವಾ? ಬೇಗ ಗೊತ್ತಾದಷ್ಟೂ ಒಳ್ಳೆಯದು.

ಡೌನ್ ಸಿಂಡ್ರೋಮ್ ಇರುವ ಮಗುವಿನ ವಿಷಯ ಪೂರ್ತಿ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ. ಅಂಥ ಹತ್ತು ನವಜಾತ ಶಿಶುಗಳಲ್ಲಿ ಸುಮಾರು ಒಂದರ ರಕ್ತದಲ್ಲಿ ಲ್ಯುಕೇಮಿಯಾದಂತೆಯೇ ಬ್ಲಾಸ್ಟ್ ಕಾಣುತ್ತವೆ. ಅದಕ್ಕೆ ಟಿಎಎಂ ಎನ್ನುತ್ತಾರೆ. ಹೆಚ್ಚಿನವರಲ್ಲಿ ಕೆಲವು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಿಗೆ ಮಾತ್ರ ಮುಂದಿನ ನಾಲ್ಕು ವರ್ಷದೊಳಗೆ ನಿಜವಾದ ಲ್ಯುಕೇಮಿಯಾ ಬರುತ್ತದೆ, ಹೆಚ್ಚಾಗಿ ಎಎಂಕೆಎಲ್ಲೇ. ಆದರೆ ಇವರಲ್ಲಿ ಜಿಎಟಿಎ1 ಜೀನಿನ ಬದಲಾವಣೆ ಇರುತ್ತದೆ, ಕಡಿಮೆ ಪ್ರಮಾಣದ ಕೀಮೋಗೇ ಚೆನ್ನಾಗಿ ವಾಸಿಯಾಗುತ್ತದೆ. ಎಎಂಕೆಎಲ್ ಎಂಬ ಒಂದೇ ಪದವನ್ನು ಗೂಗಲ್‌ನಲ್ಲಿ ಹುಡುಕಿ ರಾತ್ರಿಯಿಡೀ ಅಳುವ ಅಪ್ಪ ಅಮ್ಮಂದಿರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಹೆಜ್ಜೆ 7: ಸ್ಲೈಡು, ಬ್ಲಾಕು ಹಿಡಿದು ಎರಡನೇ ಅಭಿಪ್ರಾಯ ಕೇಳಿ

ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ಬೇಡ. ಇಂಥ ಅಪರೂಪದ ಕೇಸು ಬಂದರೆ ನಾವೇ ಬೇರೆಯವರಿಗೆ ತೋರಿಸುತ್ತೇವೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಮಕ್ಕಳ ಕ್ಯಾನ್ಸರಿಗೆಂದೇ ಅಲ್ಲಿ ವಿಭಾಗವಿದೆ. ಮುಂಬೈಯ ಟಾಟಾ ಮೆಮೋರಿಯಲ್, ವೆಲ್ಲೂರಿನ ಸಿಎಂಸಿಗೂ ನಮ್ಮ ಕಡೆಯಿಂದ ಜನ ಹೋಗುತ್ತಾರೆ.

ಹೋಗುವಾಗ ಬರೀ ರಿಪೋರ್ಟಿನ ಜೆರಾಕ್ಸ್ ಸಾಲದು. ಅಲ್ಲಿನವರು ತಾವೇ ಕಣ ನೋಡಬೇಕು. ಬಣ್ಣ ಹಾಕಿದ ಸ್ಲೈಡುಗಳು, ಬಣ್ಣ ಹಾಕದ ಕೆಲವು ಸ್ಲೈಡುಗಳು, ಬಯಾಪ್ಸಿಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕು, ಫ್ಲೋ ರಿಪೋರ್ಟಿನ ಗ್ರಾಫು ಇರುವ ಪುಟಗಳು, ಸ್ಕ್ಯಾನಿನ ಸಿಡಿ, ಸ್ಟೆರಾಯ್ಡ್ ಕೊಟ್ಟಿದ್ದರೆ ಅದರ ಚೀಟಿ ಎಲ್ಲವನ್ನೂ ಕೇಳಿ ಪಡೆಯಿರಿ. ಅರ್ಜಿ ಬರೆದು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬ್ಲಾಕು ಒಂದೇ ಇದ್ದರೆ ಕೊಟ್ಟ ಲ್ಯಾಬಿಗೆ ವಾಪಸ್ ಬರಬೇಕು, ಕಳೆದುಕೊಳ್ಳಬೇಡಿ.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುವುದುಂಟು, ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಎರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ.

ಅಲ್ಲಿ ಕೇಳಬೇಕಾದ್ದು ಇಷ್ಟು. ‘ಸಿಡಿ45 ಬಿಟ್ಟು ಬೇರೆ ಏನೇನು ನೋಡಿದ್ದೀರಿ? ಮೂತ್ರದ ವಿಎಂಎ ಏನು ಬಂತು? ಆಸ್ಪಿರೇಟ್ ಮತ್ತು ಟ್ರಿಫೈನ್ ಒಂದೇ ಮಾತು ಹೇಳುತ್ತಿವೆಯಾ? ಬೆಸೆದ ಜೀನ್ ಹುಡುಕುವ ಟೆಸ್ಟು ಮಾಡಿಸುತ್ತೀರಾ?’ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಾಬರಿಯಲ್ಲಿ ಮರೆತುಹೋಗುತ್ತದೆ. ಹಾಗಂತ ಉತ್ತರಕ್ಕಾಗಿ ವಾರಗಟ್ಟಲೆ ಊರೂರು ಅಲೆಯಬೇಡಿ. ಪ್ಲೇಟ್‌ಲೆಟ್ ತೀರಾ ಇಳಿದಿರುವ, ಜ್ವರ ಇರುವ, ಉಸಿರು ಕಟ್ಟುವ ಮಗುವನ್ನು ಮೊದಲು ದಾಖಲು ಮಾಡಿ. ಸ್ಲೈಡುಗಳನ್ನು ಮನೆಯ ಇನ್ನೊಬ್ಬರು ಒಯ್ಯಲಿ.

ಹಸಿ ಸ್ಯಾಂಪಲ್ ಒಯ್ಯುವವರು ಅದನ್ನು ಫ್ರೀಜರಿನಲ್ಲಿ ಇಡಬಾರದು, ಐಸಿಗೆ ನೇರವಾಗಿ ತಾಗಿಸಬಾರದು. ಒಂದು ದಿನದೊಳಗೆ ತಲುಪಿದರೆ ಒಳ್ಳೆಯದು. ಸ್ಲೈಡುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬಟ್ಟೆಯ ಮಧ್ಯೆ ಇಡಿ. ಇನ್ನು ಆ ಮೇಣದ ಬ್ಲಾಕು. ಬೇಸಿಗೆಯಲ್ಲಿ ಅದನ್ನು ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಇಳಿಯಬೇಡಿ. ಮೇಣ ಮೆತ್ತಗಾಗುತ್ತದೆ. ಕೈಚೀಲದಲ್ಲೇ ಇರಲಿ.